ಡಾಕ್ಟರು ಬಾಯಿ ಮುಚ್ಚಿದ್ದು

ಹಲ್ಲಿನ ಡಾಕ್ಟರ ಹೆಂಡತಿ ಸೂಟ್‌ಕೇಸನ್ನು ದಡಾರನೆ ಬಾಗಿಲ ಬಳಿ ತಂದಿಟ್ಟು, "ನಾನು ಅಕ್ಕನ ಮನೆಗೆ ಹೊರಟೆ. ಅಲ್ಲಿ ಏನಾದರೂ ಕೇಳಿದರೆ, ಉತ್ತರ ಹೇಳೋಕಾದರೂ ಬಿಡ್ತಾರೆ" ಅಂದಳು.

"ಕೋಪ ಬಂದಿದೆಯಾ? ಬಂದಿದೆ. ನಿನ್ನೆ ಸಿನಿಮಾಕ್ಕೆ ಹೋಗಲಿಲ್ಲ ಅಂತ ತಾನೆ? ಅದೇ" ಅಂದರು ಡಾಕ್ಟರು.

ತಪ್ಪು ಕಸುಬಿನದು. ಇಷ್ಟು ವರ್ಷ ಅವರು ಮಾತಾಡಿಸಿದವರೆಲ್ಲ ಬಾಯಿ ಅಗಲಿಸಿ, ಕೆನ್ನೆಯೊಳಗೆ ಹತ್ತಿ ತುರುಕಿಸಿಕೊಂಡು ಮಲಗಿದವರು. ಅವರಿಂದ ಬರುವುದು 'ಆಂ' ಒಂದೇ. ಪ್ರಶ್ನೆಯ ಜೊತೆಗೆ ಉತ್ತರವನ್ನೂ ತಾವೇ ಒದಗಿಸುವುದು ಸೌಜನ್ಯವೆಂದು ಡಾಕ್ಟರು ತಿಳಿದಿದ್ದರು. ಮನೆಯಲ್ಲೂ ಆ ಸೌಜನ್ಯಕ್ಕೆ ಕೊರತೆ ಮಾಡಿರಲಿಲ್ಲ.

ಹೆಂಡತಿ ಭಾನುವಾರದವರೆಗೆ ಗಡುವು ಕೊಟ್ಟಳು. "ಗ್ರೂಪ್ ಥೆರಪಿ ಅಂತ ಇದೆಯಂತೆ, ಹೋಗಿ. ಅಲ್ಲಿ ಬೇರೆಯವರೂ ಮಾತಾಡ್ತಾರಂತೆ. ಅದು ಹೇಗಿರುತ್ತೆ ಅಂತ ನೋಡಿಕೊಂಡಾದರೂ ಬನ್ನಿ." ಸೂಟ್‌ಕೇಸ್ ಮಾತ್ರ ಬಾಗಿಲಲ್ಲೇ ಉಳಿಯಿತು.

ಥೆರಪಿಯ ಮೇಡಂ ಫೋನಿನಲ್ಲಿ ಸಾವಧಾನವಾಗಿ ವಿವರಿಸಿದರು. "ಮೂರು ಥರದ ಗುಂಪು ನಡೆಸ್ತೀನಿ ಸರ್. ಒಂದರಲ್ಲಿ ಸಿಟ್ಟು, ಆತಂಕ ಇಂಥದ್ದನ್ನ ಸಂಭಾಳಿಸೋದು ಕಲಿಸ್ತೀವಿ. ಇನ್ನೊಂದರಲ್ಲಿ ಒಂದೇ ಕಷ್ಟ ಇರೋರು ಸೇರಿ ಒಬ್ಬರಿಗೊಬ್ಬರು ಆಸರೆಯಾಗ್ತಾರೆ. ಮೂರನೇದರಲ್ಲಿ ನಾವು ಇನ್ನೊಬ್ಬರ ಜೊತೆ ಹೇಗೆ ನಡ್ಕೋತೀವಿ ಅನ್ನೋದನ್ನ ಜೊತೆಯವರೇ ಮುಖಕ್ಕೆ ಹೇಳ್ತಾರೆ. ನಿಮ್ಮ ತೊಂದರೆ ಏನು ಅಂತ..."

"ಯಾವುದಕ್ಕೆ ಸೇರಲಿ? ಮೊದಲನೇದಕ್ಕೇ ಅಂತೀರಾ? ನನಗೂ ಹಾಗೇ ಅನ್ನಿಸ್ತು. ನಿಮಗೆ ಇದರಲ್ಲಿ ತರಬೇತಿ ಆಗಿದೆಯಾ? ಆಗಿರುತ್ತೆ ಬಿಡಿ" ಎಂದು ಡಾಕ್ಟರು ಫೋನಿಟ್ಟರು.

ಮೇಡಂ ತಾವೇ ಮತ್ತೆ ಫೋನ್ ಮಾಡಿ ಡಾಕ್ಟರನ್ನು ಮೂರನೆಯದಕ್ಕೆ ಬರಹೇಳಿದರು.

ಶನಿವಾರ ಸಂಜೆ, ದುಂಡಗೆ ಹಾಕಿದ ಕುರ್ಚಿಗಳಲ್ಲಿ ಆರೇಳು ಜನ. ಬ್ಯಾಂಕಿನ ಕ್ಯಾಷಿಯರ್ ಒಬ್ಬರು "ನನ್ನ ಮಗ ನನ್ನ ಜೊತೆ ಮಾತು ಬಿಟ್ಟು..." ಎಂದು ಬಾಯಿ ತೆರೆದದ್ದೇ ತಡ, ಡಾಕ್ಟರು ಕುರ್ಚಿಯನ್ನು ಹತ್ತಿರಕ್ಕೆಳೆದು ಕನ್ನಡಕ ಸರಿಮಾಡಿಕೊಂಡು ಒಳಗೆ ಇಣುಕಿದರು. "ಬೇಜಾರಾಗಿದೆಯಾ? ಆಗಿದೆ. ಕೆಳಗಿನ ದವಡೆಯ ಆ ಕ್ಯಾಪ್ ನಾನೇ ಹಾಕಿದ್ದಲ್ವಾ? ಚೆನ್ನಾಗಿ ಕೂತಿದೆ."

ಕ್ಯಾಷಿಯರ್ ಅವರನ್ನೇ ನೋಡಿದರು. "ನೀವೇ ಹಾಕಿದ್ದು. ಅವತ್ತು ಇಂಜೆಕ್ಷನ್ ಹಿಡಿದಿರಲಿಲ್ಲ ಸರ್. ಹೇಳೋಣ ಅಂದ್ರೆ ಬಾಯಿ ತುಂಬ ಹತ್ತಿ. ನೀವು 'ನೋವಾಗ್ತಿದೆಯಾ? ಇಲ್ಲ' ಅಂದ್ರಿ. ಕಣ್ಣಲ್ಲಿ ನೀರು ಬಂತು. 'ಏನೋ ನೆನಪಾಯ್ತಾ? ಆಗುತ್ತೆ, ಆಗುತ್ತೆ' ಅಂತ ಡ್ರಿಲ್ ಮುಂದುವರಿಸಿದ್ರಿ."

ಒಬ್ಬರು ಕಿಸಕ್ಕನೆ ನಕ್ಕರು. ಆಮೇಲೆ ಯಾರೂ ನಗಲಿಲ್ಲ.

"ಮತ್ತೆ ಯಾಕೆ ಹೇಳ..." ಎಂದ ಡಾಕ್ಟರು ಅರ್ಧಕ್ಕೇ ನಿಂತರು. ಅವರ ಮುಖ ಸಣ್ಣದಾಯಿತು.

"ಈಗ ಅವರನ್ನ ಏನಾದರೂ ಕೇಳಿ" ಅಂದರು ಮೇಡಂ. "ಕೇಳಿ, ಸುಮ್ಮನಿರಿ."

"ಸುಮ್ಮನಿರೋದು ಅಂದ್ರೆ, ಸ್ವಲ್ಪ..."

"ಪೂರ್ತಿ. ಹಲ್ಲು ಕಚ್ಚಿ ಹಿಡ್ಕೊಂಡಾದರೂ ಸರಿ."

"ಮಗ ಯಾಕೆ ಮಾತು ಬಿಟ್ಟ?" ಎಂದು ಕೇಳಿ ಡಾಕ್ಟರು ಹಲ್ಲು ಕಚ್ಚಿದರು. ಕ್ಯಾಷಿಯರ್ ಹೇಳತೊಡಗಿದರು. ಅವರು ಮಧ್ಯೆ ಮಧ್ಯೆ ತಡೆದು ನಿಂತಾಗಲೆಲ್ಲ ಡಾಕ್ಟರು ಕುರ್ಚಿಯ ತೋಳನ್ನು ಬಿಗಿಹಿಡಿದ ರೀತಿ ನೋಡಿದ್ದರೆ, ಹಲ್ಲು ಕೀಳಿಸಿಕೊಳ್ಳುತ್ತಿರುವವರು ಅವರೇ ಅನ್ನಬೇಕು.

ಮನೆಗೆ ಬಂದಾಗ ಹೆಂಡತಿ ಕೊನೆಯ ಬಟ್ಟೆ ಮಡಿಸುತ್ತಿದ್ದಳು.

"ನಾಳೆ ಹೋಗಲೇಬೇಕಾ?" ಡಾಕ್ಟರು ಕೇಳಿದರು.

ಉತ್ತರವೂ ಅವರಿಂದಲೇ ಬರುತ್ತದೆಂದು ಅವಳು ಎಂದಿನಂತೆ ಕಾದಳು. ಬರಲಿಲ್ಲ. ತಲೆಯೆತ್ತಿ ನೋಡಿದರೆ ಗಂಡ ದವಡೆ ಬಿಗಿದು, ತುಟಿ ಒತ್ತಿ, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದಾರೆ. ಬಟ್ಟೆ ಬಿಟ್ಟು ಎದ್ದು ಬಂದವಳೇ ಅವರ ಗದ್ದ ಹಿಡಿದು ಮುಖವನ್ನು ದೀಪದ ಕಡೆಗೆ ತಿರುಗಿಸಿದಳು.

"ಏನ್ರೀ, ಹಲ್ಲು ನೋವಾ?"

"ಆಂ" ಅಂದರು ಡಾಕ್ಟರು.

"ಒಳ್ಳೇದಾಯ್ತು" ಎಂದು ಅವಳು ಸೂಟ್‌ಕೇಸನ್ನು ಎಳೆದುಕೊಂಡು ಅದರ ಮೇಲೇ ಕೂತಳು. "ಹಾಗೇ ಇರಿ. ಮದುವೆಯಾದ ವರ್ಷದಿಂದ ಶುರು ಮಾಡ್ತೀನಿ."