ಕೊಟ್ರಮ್ಮ ಕುಡಿಯದ ನೀರು

ದಾವಣಗೆರೆಯ ಒಂದು ದೊಡ್ಡ ಜವಳಿ ಅಂಗಡಿ... ಅಲ್ಲಿ ರೇಷ್ಮೆ ಸೀರೆ ತೋರಿಸುವ ಕೆಲಸ ಕೊಟ್ರಮ್ಮನದು.

ಬೆಳಗ್ಗೆ ಶುಗರ್ ಮಾತ್ರೆ ನುಂಗಲು ಒಂದು ಗುಟುಕು ನೀರು. ಆಮೇಲೆ ಮತ್ತೆ ನೀರು ಮುಟ್ಟುವುದು ಕೆಲಸ ಮುಗಿಸಿ ಮನೆ ಸೇರಿದ ಮೇಲೆಯೇ...

ಕುಡಿದರೆ ಹೋಗಬೇಕಾಗುತ್ತದಲ್ಲ. ಶೌಚಾಲಯ ಇರುವುದು ಮೇಲಿನ ಮಹಡಿಯಲ್ಲಿ. ಮದುವೆ ಜವಳಿಗೆ ಬಂದವರ ಮುಂದೆ ಸೀರೆ ಬಿಚ್ಚಿ ಹರಡಿದ ಮೇಲೆ ನಡುವೆ ಎದ್ದು ಹೋಗುವ ಪದ್ಧತಿ ಆ ಅಂಗಡಿಯಲ್ಲಿರಲಿಲ್ಲ.

"ನೀವು ಎದ್ರೆ ಗಿರಾಕಿನೂ ಏಳ್ತಾರೆ" ಎನ್ನುತ್ತಿದ್ದರು ಮ್ಯಾನೇಜರ್. ಮೇಲಿಂದ ಮೇಲೆ ಎದ್ದು ಹೋಗುತ್ತಿದ್ದ ಒಬ್ಬಳನ್ನು ಕೆಲಸದಿಂದಲೇ ಬಿಡಿಸಿದ್ದರು.

ಗಂಡನಿಲ್ಲದ ಕೊಟ್ರಮ್ಮನಿಗೆ ಆ ಕೆಲಸವೇ ಅನ್ನ. ಹಾಗಾಗಿ ತಡೆದುಕೊಳ್ಳುವುದನ್ನು ರೂಢಿ ಮಾಡಿಕೊಂಡಿದ್ದಳು.

ಉರಿಮೂತ್ರ ಬರುವುದು, ಮಾತ್ರೆ ತರುವುದು, ಉರಿ ಕಮ್ಮಿಯಾದ ಕೂಡಲೇ ಉಳಿದ ಮಾತ್ರೆಯನ್ನು ಮುಂದಿನ ಸಲಕ್ಕೆಂದು ಎತ್ತಿಡುವುದು... ವರ್ಷವೆಲ್ಲ ಇದೇ ಗೋಳು.

ಕೊನೆಗೊಮ್ಮೆ ಚಳಿಜ್ವರ ಬಂದು ಆಸ್ಪತ್ರೆ ಸೇರಿದಳು. ಸೋಂಕು ಕಿಡ್ನಿಯವರೆಗೂ ಹೋಗಿತ್ತು.

ಮನೆಗೆ ಕಳಿಸುವಾಗ ಡಾಕ್ಟರಮ್ಮ ಹೇಳಿದರು: "ಮೂತ್ರದಲ್ಲಿ ಸಕ್ಕರೆ ಹೋಗ್ತಿದ್ರೆ ಕ್ರಿಮಿಗಳಿಗೆ ಹಬ್ಬ ಕಣಮ್ಮ. ಶುಗರ್ ಹತೋಟಿಯಲ್ಲಿಡಿ, ನೀರು ಕುಡೀರಿ, ಬಂದದ್ದನ್ನ ತಡೀಬೇಡಿ. ಈ ಸೋಂಕಿನ ಮಾತ್ರೆ ಪೂರ್ತಿ ಮುಗಿಸಿ. ಪದೇ ಪದೇ ಹೀಗಾದ್ರೆ ಕಿಡ್ನಿ ಕೈಕೊಡುತ್ತೆ."

ಕೊಟ್ರಮ್ಮ ತಲೆಯಾಡಿಸಿದಳು. ಹೇಳುವವರಿಗೇನು, ಗಿರಾಕಿ ಮುಂದೆ ಕೂರುವವಳು ನಾನಲ್ಲವೇ ಎಂದುಕೊಂಡಳು.

ಮಾತ್ರೆಯನ್ನೇನೋ ಈ ಸಲ ಪೂರ್ತಿ ಮುಗಿಸಿದಳು. ನೀರಿನ ವಿಷಯದಲ್ಲಿ ಮಾತ್ರ ಮತ್ತೆ ಹಳೇ ಕಥೆಯೇ...

ಒಂದು ದಿನ ಮದುವೆ ಮನೆಯವರು ದೊಡ್ಡ ಗುಂಪಾಗಿ ಬಂದರು. ಎಲ್ಲರಿಗೂ ಮಜ್ಜಿಗೆ ಬಂತು. ಮದುಮಗಳ ಅಜ್ಜಿ ಮಾತ್ರ ಲೋಟ ಪಕ್ಕಕ್ಕೆ ಸರಿಸಿದರು.

"ಬ್ಯಾಡವ್ವ... ಕುಡುದ್ರೆ ಹೋಗ್ಬೇಕಾಗ್ತೈತಿ. ನಂಗೆ ಶುಗರ್ ಬೇರೆ ಐತಿ. ಬೆಳಗ್ಗಿಂದ ತಡಕಂಡು ಕುಂತೀನಿ, ಈ ಮೆಟ್ಲು ಯಾರು ಹತ್ತಬೇಕು?"

ಕೊಟ್ರಮ್ಮ ಆ ಲೋಟವನ್ನು ಮತ್ತೆ ಅಜ್ಜಿಯ ಮುಂದಿಟ್ಟಳು. "ಶುಗರ್ ಇದ್ದೋರು ತಡಕಬಾರದಮ್ಮ, ಸೋಂಕು ಕಿಡ್ನಿಗೆ ಏರ್ತೈತಿ. ಮಜ್ಜಿಗೆ ಕುಡೀರಿ... ನಾನು ಕರ್ಕಂಡು ಹೋಗ್ತೀನಿ."

ಮ್ಯಾನೇಜರ್ ದುರುಗುಟ್ಟಿ ನೋಡುತ್ತಿದ್ದರೂ, ಹರಡಿದ ಸೀರೆಗಳನ್ನು ಹಾಗೆಯೇ ಬಿಟ್ಟು ಅಜ್ಜಿಯ ಕೈಹಿಡಿದು ಮೆಲ್ಲಗೆ ಮೇಲೆ ಹತ್ತಿಸಿದಳು.

ಹೊರಗೆ ಬಂದ ಅಜ್ಜಿ ನಿಟ್ಟುಸಿರು ಬಿಟ್ಟರು. "ಈಗ ಜೀವ ಬಂತು ನೋಡವ್ವ. ನೀನೂ ಹೋಗಿ ಬಾ."

"ಪರವಾಗಿಲ್ಲಮ್ಮ... ನಂಗೆ ರೂಢಿ ಆಗೈತಿ. ನಿಮ್ಮಂಗೆ ನಂಗೂ ಶುಗರ್ ಐತಿ, ಆದ್ರೆ ಏನ್ ಮಾಡೋದು, ಕೆಲಸ..."

ಅಜ್ಜಿ ಅವಳ ಬತ್ತಿದ ತುಟಿಯನ್ನೇ ನೋಡಿದರು.

"ಅಲ್ಲವ್ವ... ನಂಗೆ ಅಷ್ಟೆಲ್ಲ ಬುದ್ಧಿ ಹೇಳಿದಿ. ನನ್ನನ್ನೇನೋ ನೀನು ಕರ್ಕಂಡು ಬಂದಿ. ನಿನ್ನನ್ನ ಯಾರು ಕರ್ಕಂಡು ಬರ್ತಾರೆ?"

ಇಷ್ಟು ವರ್ಷಗಳಲ್ಲಿ ಯಾರೂ ಕೊಟ್ರಮ್ಮನನ್ನು ಹೀಗೆ ಕೇಳಿರಲಿಲ್ಲ. ಅವಳೂ ತನ್ನನ್ನು ಕೇಳಿಕೊಂಡಿರಲಿಲ್ಲ...

"ಹೋಗು. ನೀನು ಬರೋಗಂಟ ನಾನು ಇಲ್ಲೇ ನಿಂತಿರ್ತೀನಿ" ಎಂದರು ಅಜ್ಜಿ. ನಿಲ್ಲಲು ಶಕ್ತಿಯಿಲ್ಲದ ಆ ಜೀವ ಗೋಡೆಗೆ ಒರಗಿ ಬಾಗಿಲು ಕಾಯುತ್ತಾ ನಿಂತಿತು.

ಒಳಗೆ ನಲ್ಲಿ ತಿರುಗಿಸಿ, ಆ ಸದ್ದಿನಲ್ಲಿ ಕೊಟ್ರಮ್ಮ ಮನಸಾರೆ ಅತ್ತಳು.

ಇಬ್ಬರೂ ಕೆಳಗೆ ಬಂದಾಗ ಬೇರೊಬ್ಬಳು ಸೀರೆ ತೋರಿಸುತ್ತಿದ್ದಳು. ಗಿರಾಕಿಗಳು ಒಬ್ಬರೂ ಎದ್ದಿರಲಿಲ್ಲ. ಇದಕ್ಕಾಗಿ ಇಷ್ಟು ವರ್ಷ ಮೈ ಕೆಡಿಸಿಕೊಂಡೆನಲ್ಲ ಎಂದು ಅವಳಿಗೆ ನಗುವೂ ಬಂತು, ಸುಸ್ತೂ ಆಯಿತು.

"ಎಲ್ಲಿ ಹೋಗಿದ್ರಿ?" ಮ್ಯಾನೇಜರ್ ಕೇಳಿದರು.

"ನಂಗೆ ಶುಗರ್ ಐತಿ ಸಾರ್. ಇನ್ಮೇಲೆ ಬಂದಾಗೆಲ್ಲ ಹೋಗಿ ಬರ್ತೀನಿ. ಬ್ಯಾಡ ಅಂದ್ರೆ ಈಗ್ಲೇ ಹೇಳ್ಬಿಡ್ರಿ."

ಅಜ್ಜಿ ಅವಳ ಕೈ ಬಿಟ್ಟಿರಲಿಲ್ಲ. ಮ್ಯಾನೇಜರ್ ಇಬ್ಬರ ಮುಖವನ್ನೂ ನೋಡಿ, ಗಲ್ಲಾದ ಕಡೆ ಹೊರಟುಹೋದರು.

ಕೊಟ್ರಮ್ಮ ಒಂದು ಲೋಟ ನೀರು ತುಂಬಿಕೊಂಡಳು... ಎಲ್ಲರೆದುರೇ ನಿಧಾನವಾಗಿ ಪೂರ್ತಿ ಕುಡಿದಳು.

ಬೇರೆಯವರ ಮೇಲಿರುವ ಅಕ್ಕರೆಯಲ್ಲಿ ಒಂದು ಪಾಲಾದರೂ ನಮ್ಮ ದೇಹಕ್ಕೆ ಸಿಗಬೇಕು.

ನಿಮ್ಮ ಮನೆಯಲ್ಲಿ, ನೀವು ಕೆಲಸ ಮಾಡುವ ಕಡೆ... "ಹೋಗಬೇಕಾಗುತ್ತದೆ" ಎಂದು ನೀರೇ ಕುಡಿಯದೆ ಕೂತವರು ಯಾರಾದರೂ ಇದ್ದಾರಾ? ಒಮ್ಮೆಯಾದರೂ ಕೇಳಿದ್ದೀರಾ?