ಮೈಮೇಲಿನ ಬೀಜ

“ಕಿತ್ತು ಒಗಿ ಅದನ್ನ, ಮೈತುಂಬ ಹುಳ ಮೊಟ್ಟಿ ಇಟ್ಟೈತಿ,” ಎಂದಳು ಚೌಡಕ್ಕ. ಹಿತ್ತಲಲ್ಲಿ ಕಲ್ಲು ಜೋಡಿಸಿ, ಗೊಬ್ಬರ ತುಂಬಿ ಎತ್ತರಿಸಿದ್ದ ಮಡಿಯ ಮುಂದೆ ಬಸುರಿ ಸೊಸೆ ಅಂಜಿನಕ್ಕ ಕದಲದೆ ಕೂತಿದ್ದಳು. ಲಾರಿ ಓಡಿಸುವ ಗಂಡ ಮಹಾಬಳೇಶ್ವರದ ಕಡೆಯಿಂದ ತಂದ ಸ್ಟ್ರಾಬೆರಿ ಸಸಿ ಬಿಟ್ಟದ್ದು ಅದೊಂದೇ ಹಣ್ಣು. ಕಾನಹೊಸಹಳ್ಳಿಯಲ್ಲಿ ಯಾರೂ ಕಂಡಿರದ ಹಣ್ಣು. ಅತ್ತೆಗೋ, ಅದೇ ಮಡಿಯಲ್ಲಿ ಮೆಣಸಿನ ಬೀಜ ಚೆಲ್ಲುವ ಅವಸರ.

“ಹತ್ತಿ ಗಿಡದಾಗ ಇಂಥಾವು ನೋಡಿಲ್ಲೇನು ನಾನು?” ಎನ್ನುತ್ತ ಚೌಡಕ್ಕ ಬಳೆಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿ, ಹಣ್ಣಿನ ಮೈಯಿಂದ ಒಂದು ಹಳದಿ ಚುಕ್ಕೆ ಎಬ್ಬಿಸಿದಳು. ಉಗುರಿನ ಮೇಲಿಟ್ಟು, ಹೇನು ಕುಕ್ಕುವಂತೆ ಒತ್ತಿದಳು. ಒಡೆಯಲಿಲ್ಲ. ಬಿತ್ತನೆ ಜೋಳ ನೋಡುವ ಹಾಗೆ ಹಲ್ಲಿಗೆ ಕೊಟ್ಟು ಕಚ್ಚಿದಳು.

“ಎಲಾ ಇದರ! ಬೀಜ ಐತಲ್ಲೇ ಇದು! ಎಲ್ಲಾ ಹಣ್ಣು ಹೊಟ್ಟ್ಯಾಗ ಇಟ್ಕಂತಾವು, ಇದು ಮೈಮ್ಯಾಲೆ ಹೊತ್ಕಂಡೈತಿ!”

“ಹಂಗಾದ್ರ ತಿನ್ಲೇನ್ರಿ, ಅತ್ತಿ?”

“ತಡಿ, ಬೀಜಕ್ಕ ಇಟ್ಕಳಾನು.” ಚೌಡಕ್ಕ ಒಂದೊಂದೇ ಬೀಜವನ್ನು, ಕೆಡದಿರಲೆಂದು ಒಳಗಿಂದ ತಂದ ಒಲೆಬೂದಿಗೆ ಉದುರಿಸಿ, ಬೋಳಾದ ಹಣ್ಣನ್ನು ಸೊಸೆಯ ಕೈಗಿಟ್ಟಳು. ರಸ ಹತ್ತಿದ ಬೆರಳನ್ನು ಸೀರೆಗೆ ಒರೆಸಲು ಹೋದವಳು ಯಾಕೋ ಒಮ್ಮೆ ಚೀಪಿದಳು. ಇನ್ನೊಮ್ಮೆ ಚೀಪಿದಳು.

“ಮೆಣಸಿನಕಾಯಿಗೆ ಬ್ಯಾರೆ ಮಡಿ ಮಾಡಾನು,” ಎಂದಳು, ಎಲೆಗಳ ಅಡಿಯಲ್ಲಿ ಇನ್ನೊಂದು ಹೂ ಹುಡುಕುತ್ತ.