ಹಿಂದಿನ ಸೌಂಡು

ಡಿಜಿಟಲ್ ಥಿಯೇಟರಿನವರು ಕೇಳಿದರೆಂದು ನಿರ್ಮಾಪಕ ಚಿಕ್ಕೀರಪ್ಪನವರು ತಮ್ಮ ಹಳೆಯ ಸಿನಿಮಾದ ಸ್ಟೀರಿಯೋ ಸದ್ದನ್ನು ಸುತ್ತಲೂ ಕೇಳಿಸುವಂತೆ ಮಾಡಲು ಸೌಂಡ್ ಎಂಜಿನಿಯರ್ ಪ್ರಫುಲ್ಲಳಿಗೆ ಕೊಟ್ಟಿದ್ದರು. ಮೂರು ಸಲ ಕೇಳಿಸಿದಳು. ಮೂರು ಸಲವೂ ಅವರದು ಅದೇ ಮಾತು: "ಹಿಂದಿನ ಸೌಂಡು ಬರ್ತಿಲ್ಲ ಕಣಮ್ಮ."

ಅವಳು ಹಲ್ಲು ಕಚ್ಚಿಕೊಂಡು ಹಿಂಬದಿಯ ಸ್ಪೀಕರುಗಳಿಗೆ ಇನ್ನಷ್ಟು ಸದ್ದು ತುಂಬಿದಳು. ಇವತ್ತೂ ಒಪ್ಪದಿದ್ದರೆ ಕೆಲಸ ಚೆನ್ನೈನ ಸ್ಟುಡಿಯೋ ಪಾಲಾಗುತ್ತಿತ್ತು.

ನಾಲ್ಕನೆಯ ಸಲ ಹಿಂದಿನ ಗೋಡೆಯೇ ಅದುರಿತು. ಚಿಕ್ಕೀರಪ್ಪನವರು ಕಿವಿ ಮುಚ್ಚಿಕೊಂಡರು.

"ಅಯ್ಯೋ, ಹಿಂದಿನ ಸೌಂಡು ಪೂರ್ತಿ ಹೋಯ್ತಲ್ಲಮ್ಮ!"

ಪ್ರಫುಲ್ಲಳಿಗೆ ರೇಗಿಹೋಯಿತು. "ಸಾರ್, ಇನ್ನೂ ಹಿಂದೆ ಹಾಕ್ಬೇಕು ಅಂದ್ರೆ ಗೋಡೆ ಒಡೀಬೇಕು! ಎಷ್ಟು ಹಿಂದೆ ಬೇಕು, ನೀವೇ ಹೇಳ್ಬಿಡಿ."

"ಒಂದು ಮೂವತ್ತು ವರ್ಷ ಹಿಂದೆ ಕಣಮ್ಮ. ಮೊದಲನೇ ದಿನ ಜನ ಕೇಳಿದ್ರಲ್ಲ, ಆ ಸೌಂಡು."